ಮಳೆಮರದ ಬುಡಕ್ಕೆ ನೀವು ಹಚ್ಚಿದ ಅರಿಶಿನ

ಭಾವ,

ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರ ತಿಳಿಸಿ ಅಂತ ಬರೆಯಹೋದರೆ ನೀವೇ ನಗುತ್ತೀರಿ. ಅದಕ್ಕೇ ನಿಮ್ಮ ಕಡೆಯದನ್ನು ಕೇಳದೆ ನಮ್ಮ ಕಡೆಯದನ್ನಷ್ಟೇ ಬರೆಯುತ್ತೇನೆ. ನೀವು ಹೋದ ಮೇಲೆ ನಾನು ಗುಂಡ್ಲುಪೇಟೆಯ ಬಾಡಿಗೆ ಮನೆ ಬಿಟ್ಟು ಚಾಮರಾಜನಗರಕ್ಕೆ, ನಿಮ್ಮ ಮನೆಗೇ ಬಂದೆ. ಅಕ್ಕನ ಜೊತೆ ಒಬ್ಬರಿರಲಿ ಅಂತ. ನನಗೇನು ಗಂಡ ಮಕ್ಕಳು ಅಂತ ಹಿಡಿದು ನಿಲ್ಲಿಸುವವರಿದ್ದಾರೆಯೇ? ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಗುಂಡ್ಲುಪೇಟೆಯ ಲ್ಯಾಬಿಗೆ ಹೋಗುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸು. ನಿಮ್ಮ ಬೈನಾಕ್ಯುಲರ್ ಈಗ ನನ್ನ ಬ್ಯಾಗಿನಲ್ಲಿರುತ್ತದೆ. ಕೇಳದೆ ತೆಗೆದುಕೊಂಡೆ, ಕೇಳೋಣವೆಂದರೆ ನೀವಿರಲಿಲ್ಲ.

ನಿಮ್ಮ ಶುಗರ್ ರಿಪೋರ್ಟ್ ತಂದುಕೊಟ್ಟ ದಿನ ನೆನಪಿದೆಯೇ? ಹರದನಹಳ್ಳಿ ಹೈಸ್ಕೂಲಿನಿಂದ ನೀವು ರಿಟೈರಾಗಿ ಸ್ವಲ್ಪ ದಿನವಾಗಿತ್ತು. ರಕ್ತ ತೆಗೆದವಳೂ ನಾನೇ, ಮೆಷಿನ್ನಿಗೆ ಹಾಕಿದವಳೂ ನಾನೇ, ಆದರೂ ಕವರ್ ಕೈಗಿಟ್ಟು ಸುಮ್ಮನೆ ನಿಂತೆ. "ಎಷ್ಟು ಬಂದದೆ ಹೇಳಮ್ಮಿ" ಅಂತ ನೀವು, "ಡಾಕ್ಟರ್ ಹೇಳ್ತಾರೆ" ಅಂತ ನಾನು. "ಮನೆಯೋಳೇ ಆಗಿ ಹಿಂಗಾಡ್ತೀಯಲ್ಲ" ಅಂತ ಬೈದಿರಿ. ಏನು ಮಾಡಲಿ, ನಮ್ಮ ಕೆಲಸವೇ ಹಾಗೆ. ಎಲ್ಲರಿಗಿಂತ ಮೊದಲು ಗೊತ್ತಾಗುವುದು ನಮಗೆ, ಬಾಯಿ ಬಿಡಬಾರದವರೂ ನಾವೇ. ಆ ಅಭ್ಯಾಸ ಮೈಗೆ ಹತ್ತಿಬಿಟ್ಟಿದೆ. ಡಾಕ್ಟರ್ ದಿನಾ ನಡೆಯಿರಿ ಅಂದರು. ನೀವು ಪಾರ್ಕಿಗೆ ಹೋಗಿ ಒಂದು ಸುತ್ತು ನಡೆದು, ಮಿಕ್ಕ ಹೊತ್ತೆಲ್ಲ ಬೆಂಚಿನ ಮೇಲೆ ಕತ್ತೆತ್ತಿಕೊಂಡು ಕೂತಿರಿ. ಶುಗರ್ ಇಳಿಯಲಿಲ್ಲ, ಹಕ್ಕಿ ಗುರುತು ಹಿಡಿಯುವುದನ್ನು ಮಾತ್ರ ಕಲಿತಿರಿ.

ಮೊದಲ ಸಲ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದದ್ದು ಒಂದು ಭಾನುವಾರ, ಸಂಕ್ರಾಂತಿ ಇನ್ನೂ ಮುಂದಿತ್ತು. ನೀವು ಮಂಕಿಕ್ಯಾಪು ಹಾಕಿಕೊಂಡಿದ್ದಿರಿ, ನಾನು ಶಾಲು ಸುತ್ತಿಕೊಂಡು ಗೊಣಗುತ್ತಿದ್ದೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬಾಲ ಕುಣಿಸುತ್ತ ಓಡುತ್ತಿದ್ದ ಒಂದು ಸಣ್ಣ ಹಕ್ಕಿ ತೋರಿಸಿ, "ಇದು ಕುಂಡೆಕುಸ್ಕ. ಚಳಿಗಾಲ ಕಳೆಯಕ್ಕೆ ಹಿಮಾಲಯದ ಕಡೆಯಿಂದ ಬತ್ತದೆ" ಅಂದಿರಿ. "ಅಷ್ಟು ದೂರದಿಂದ ಚಾಮರಾಜನಗರಕ್ಕಾ? ಇಲ್ಲೇನದೆ ಭಾವ?" ಅಂತ ಕೇಳಿದ್ದಕ್ಕೆ, "ನೀನ್ಯಾಕ ಬೇಗೂರು ಬುಟ್ಟು ಗುಂಡ್ಲುಪೇಟೆಗೆ ಹೋದೆ? ಹೊಟ್ಟೆಪಾಡು ಕಣಮ್ಮಿ" ಅಂದಿರಿ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಅವು ಒಂದೊಂದಾಗಿ ಕಾಣದಾಗುತ್ತವೆ, ಹೊಂಗೆ ಚಿಗುರುತ್ತದೆ, ಅಲ್ಲಿಯತನಕ ಬಾಯಿ ಮುಚ್ಚಿಕೊಂಡಿದ್ದ ಕೋಗಿಲೆ ಶುರುಮಾಡುತ್ತದೆ. ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಇದ್ದರೂ ಇದೆಲ್ಲ ನನಗೆ ಕಂಡದ್ದು ಆಮೇಲೆಯೇ.

ಮಂಗಟ್ಟೆ ಹಕ್ಕಿಯ ವಿಷಯ ಅಕ್ಕನಿಗೆ ಮೊದಲು ಹೇಳಿದ್ದು ನೀವೇ ಅಲ್ಲವೇ, ಇಡ್ಲಿ ತಿನ್ನುತ್ತ? ಬೂದು ಬಣ್ಣ, ಬಾಗಿದ ದಪ್ಪ ಕೊಕ್ಕು, ಉದ್ದ ಬಾಲ. ಪಾರ್ಕಿನ ಮೂಲೆಯ ಮಳೆಮರದ ಪೊಟರೆಯಲ್ಲಿ ಹೆಣ್ಣು ಒಳಗೆ ಹೋಗಿ ಕೂತಿದೆ, ತನ್ನ ಹಿಕ್ಕೆಯನ್ನೇ ಮಣ್ಣಿನ ಹಾಗೆ ಮೆತ್ತಿ ಬಾಗಿಲು ಮುಚ್ಚಿಕೊಂಡಿದೆ, ಒಂದು ಸೀಳು ಮಾತ್ರ ಬಿಟ್ಟಿದೆ, ಮರಿ ಬೆಳೆಯುವತನಕ ಗಂಡು ಆ ಸೀಳಿನಲ್ಲೇ ತಂದುಣಿಸಬೇಕು ಅಂತ ನೀವು ಕ್ಲಾಸಿನಲ್ಲಿ ಪಾಠ ಮಾಡಿದ ಹಾಗೆ ವಿವರಿಸಿದಿರಿ. "ಗಂಡ ಅಂದ್ರೆ ಹಂಗಿರ್ಬೇಕು" ಅಂತ ನಾನು ಕಿಚಾಯಿಸಿದೆ. ಅಕ್ಕ ಚಟ್ನಿ ಬಡಿಸುತ್ತ, "ಇವ್ರಿಗೆ ಒಂದು ಲೋಟ ನೀರು ತಂದ್ಕೊಡಿ ಅಂದ್ರೆ ಅಡುಗೆಮನೆ ಎಲ್ಲದೆ ಅಂತ ಕೇಳ್ತಾರೆ. ನಾನೇನಾದ್ರೂ ಆ ಹಕ್ಕಿ ಹಂಗೆ ಒಳಗೆ ಕೂತಿದ್ರೆ ಹಸ್ಕಂಡು ಸತ್ತೇಹೋಗಿರೋಳು" ಅಂದಳು. ನೀವು ಇನ್ನೊಂದು ಇಡ್ಲಿ ಹಾಕಿಕೊಂಡಿರಿ.

ಅದರ ಮುಂದಿನ ಚಳಿಗಾಲ ಅಕ್ಕನಿಗೆ ಮೈಸೂರಿನಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಅವಳು ಮನೆಗೆ ಬಂದು ನಡುಮನೆಯಲ್ಲಿ ಮಂಚದ ಮೇಲೆ ಮಲಗಿದ್ದ ದಿನಗಳಲ್ಲಿ ನೀವೊಂದು ಬೆಳಿಗ್ಗೆ ನನ್ನನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಆ ಮಳೆಮರ ತೋರಿಸಿದಿರಿ. ಹಿಂದಿನ ವಾರವೇ ಅದರ ಕಾಂಡಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು. ನಡೆಯುವ ದಾರಿ ಅಗಲ ಮಾಡಿ, ಅಲ್ಲೊಂದಷ್ಟು ವ್ಯಾಯಾಮದ ಕಬ್ಬಿಣದ ಸಾಮಾನು ನಿಲ್ಲಿಸುತ್ತಾರಂತೆ, ಮರ ಅಡ್ಡವಂತೆ. ನೀವು ಹೋಗಿ ಕೇಳಿದಿರಿ, ಅರ್ಜಿ ಕೊಟ್ಟಿರಿ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅರಳಿಯೋ ಬನ್ನಿಯೋ ಆಗಿದ್ದರೆ ಗರಗಸ ಹಿಡಿದವನೇ ಕೈಮುಗಿದು ಹೋಗಿರುತ್ತಿದ್ದ. ಮಳೆಮರದ ಪರವಾಗಿ ಯಾವ ದೇವರೂ ಇಲ್ಲವಲ್ಲ. ಆದರೆ ನಾನು ನೋಡಿದಾಗ ಬುಡದಲ್ಲೊಂದು ಕಲ್ಲು ನಿಂತಿತ್ತು. ಮೈತುಂಬ ಅರಿಶಿನ, ನಡುವೆ ಕುಂಕುಮ, ತಲೆಯ ಮೇಲೆ ಎರಡು ಕಣಗಿಲೆ ಹೂವು.

"ಯಾರು ಮಾಡಿದ್ದು ಭಾವ?" ಅಂದೆ. ನೀವು ಕಡಲೆಕಾಯಿ ಸುಲಿಯುತ್ತ ಕೂತಿರಿ. ಉಗುರಿನ ಸಂದಿಯೆಲ್ಲ ಹಳದಿ. ಮದುವೆ ಮನೆಯಲ್ಲಿ ಮಂಗಳಾರತಿ ತಟ್ಟೆ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುವ ಮನುಷ್ಯ, ನಮ್ಮಪ್ಪನ ತಿಥಿಯಲ್ಲೂ ವರಾಂಡದಲ್ಲಿ ಪೇಪರ್ ಓದಿದ ಮನುಷ್ಯ, ಬೆಳಿಗ್ಗೆ ಬೆಳಿಗ್ಗೆ ಎದ್ದು ಬಂದು ಕಲ್ಲಿಗೆ ಅರಿಶಿನ ಹಚ್ಚಿದ್ದೀರಿ! ನಾನು ನಕ್ಕು ನಕ್ಕು ಸಾಕಾಗಿ ಬೆಂಚಿನ ಮೇಲೆ ಕೂತೆ. "ಇನ್ನೇನ್ ಮಾಡ್ಲಿ? ಮಾಘ ಕಳುದ್ರೆ ಅವು ಗೂಡಿಗೆ ಬತ್ತವೆ. ಮರವೇ ಇಲ್ದಿದ್ರೆ ಎಲ್ಲಿಗೆ ಹೋಗವು?" ಅಂದಿರಿ. ಆಮೇಲೆ ಮೆಲ್ಲಗೆ, "ನಿಮ್ಮಕ್ಕನ್ಗೆ ಹೇಳ್ಬುಟ್ಟೀಯ, ಜೋಕೆ" ಅಂದಿರಿ. ನಾನು ಹೇಳಲಿಲ್ಲ. ಹೇಳದಿರುವುದು ನನಗೆ ಕಷ್ಟವೂ ಅಲ್ಲ.

ನಿಮ್ಮ ಉಪಾಯ ಫಲಿಸಿತು. ಕಡಿಯಲು ಬಂದವರು ಕಲ್ಲು ನೋಡಿ ಬೀಡಿ ಸೇದಿ ಹೊರಟುಹೋದರಂತೆ. ದಾರಿ ಮರವನ್ನು ಬಳಸಿಕೊಂಡು ಹೋಯಿತು. ಆ ವಸಂತದಲ್ಲಿ ಮಂಗಟ್ಟೆಗಳು ಬಂದವು, ಗೂಡು ಮಾಡಿದವು, ಮುಂಗಾರಿಗೆ ಮುಂಚೆ ಮರಿ ಎಬ್ಬಿಸಿಕೊಂಡು ಹೋದವು. ನೀವು ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ನಿಮ್ಮ ಜೊತೆ ಕೂರುತ್ತಿದ್ದವರು ರೇಷ್ಮೆಗೂಡಿನ ವ್ಯಾಪಾರದ ಮುನೀರಣ್ಣ ಒಬ್ಬರೇ. ದಸರಾ ಆದ ಮೇಲೆ ಒಂದು ದಿನ ಸ್ನಾನ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಇಲ್ಲಿಯವರೆಗೆ ನಿಮಗೆ ಗೊತ್ತಿರುವ ಕಥೆ. ಇಲ್ಲಿಂದ ಮುಂದಿನದು ಗೊತ್ತಿಲ್ಲದ್ದು.

ನಿಮ್ಮ ಹನ್ನೊಂದನೇ ದಿನ ಪಾರ್ಕಿನ ಗೇಟಿನಲ್ಲಿ ಹೂವು ಮಾರುವ ನಂಜಮ್ಮ ಬಂದಿದ್ದಳು. ಅಕ್ಕನ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಮೇಷ್ಟ್ರು ದೇವ್ರಿಲ್ಲ ದಿಂಡ್ರಿಲ್ಲ ಅಂತಿದ್ರಲ್ಲವ್ವ, ಎಲ್ಲಾ ಬಾಯ್ಮಾತು. ನಿಂಗೆ ಆಪ್ರೇಸನ್ ಆದಾಗ ಬೆಳಗಾನೆ ಬಂದು ಆ ಮರದ ಬುಡದಲ್ಲಿ ಕಲ್ಲು ನೆಟ್ಟು ಅರಿಸಿನ ಅಚ್ಚಿ ಕೂತಿದ್ರು. ಈ ಕಣ್ಣಲ್ಲಿ ನೋಡಿವ್ನಿ. ನಿನ್ನ ಉಳಿಸ್ಕೊಡು ಅಂತ ಅರಕೆ ಒತ್ತಿದ್ರು ಕಣವ್ವ" ಅಂದಳು. ಅಲ್ಲಿಯತನಕ ಕಲ್ಲಿನ ಹಾಗೆ ಕೂತಿದ್ದ ಅಕ್ಕ ಆಗ ಅತ್ತಳು. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಆ ಹೊತ್ತಿನಲ್ಲಿ ಯಾರು ತಾನೇ ಬಾಯಿ ಬಿಡುತ್ತಾರೆ, ನೀವೇ ಹೇಳಿ.

ಮಾರನೆಯ ವಾರದಿಂದ ಅಕ್ಕ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗತೊಡಗಿದಳು. ಕೈಯಲ್ಲಿ ಎಣ್ಣೆ, ಬತ್ತಿ, ಒಂದು ಹಣತೆ. ಮನೆಯಲ್ಲಿ ಅನ್ನ ಬೇಡ, ಮಾತು ಬೇಡ ಅಂತ ಗೋಡೆ ನೋಡಿಕೊಂಡು ಕೂರುವವಳು ಅದೊಂದಕ್ಕೆ ಮಾತ್ರ ಎದ್ದು ಸ್ನಾನ ಮಾಡಿ ತಲೆ ಬಾಚಿಕೊಳ್ಳುತ್ತಿದ್ದಳು. ಅವಳನ್ನು ಕಂಡು ಮಿಕ್ಕವರೂ ಬಂದರು. ಯಾರದೋ ಮಗಳಿಗೆ ಗಂಡು ಗೊತ್ತಾಯಿತು, ಯಾರದೋ ಮಂಡಿನೋವು ಇಳಿಯಿತು. ಮಂಗಳವಾರ ಶುಕ್ರವಾರ ಕರ್ಪೂರ, ಸಾಂಬ್ರಾಣಿ, ಕಾಂಡದ ಸುತ್ತ ದಾರ, ನಿಂಬೆಹಣ್ಣಿನ ದೀಪ. ಭಾವ, ಕೂತುಕೊಂಡು ಕೇಳಿ: ಆ ದೇವರಿಗೆ ಒಂದು ಹೆಸರೂ ಬಂತು. ಮೇಷ್ಟ್ರು ಕಂಡ ದೇವರು ಅಂತ ಮೇಷ್ಟ್ರಮ್ಮ. ಹೋದ ತಿಂಗಳು ಒಬ್ಬಾಕೆ ನನ್ನನ್ನೇ ನಿಲ್ಲಿಸಿ, "ಮೇಷ್ಟ್ರಮ್ಮನ ಗುಡಿಗೆ ಯಾವ ಕಡೆಯಿಂದ ಹೋಗ್ಬೇಕು?" ಅಂತ ಕೇಳಿದಳು. ನಾನು ದಾರಿ ತೋರಿಸಿದೆ. ವಾಕಿಂಗ್ ಸಂಘದ ಶಿವಣ್ಣ ತಮ್ಮ ಖರ್ಚಿನಲ್ಲೇ ತಗಡಿನ ಚಪ್ಪರ ಹಾಕಿಸುತ್ತೇನೆ, ಗಂಟೆ ಕಟ್ಟಿಸುತ್ತೇನೆ ಅಂತ ಹೊರಟಿದ್ದರು. ಅದಕ್ಕೆ ಪೊಟರೆ ಇರುವ ಕಡೆಯ ಕೊಂಬೆ ತೆಗೆಯಬೇಕಂತೆ.

ಈ ಸಲ ಸಂಕ್ರಾಂತಿಯಾದ ಮೇಲೆ ನಾನು ಭಾನುವಾರಗಳಲ್ಲಿ ಒಬ್ಬಳೇ ನಿಮ್ಮ ಬೆಂಚಿಗೆ ಹೋಗಿ ಕೂರತೊಡಗಿದೆ. ಅಕ್ಕ ಪೂಜೆ ಮುಗಿಸಿ ಹೋದ ಮೇಲೆ ಹೋಗುತ್ತಿದ್ದೆ, ಆ ಹೊಗೆಯಲ್ಲಿ ನನಗೆ ಕೂರಲಾಗುತ್ತಿರಲಿಲ್ಲ. ಮೊದಮೊದಲು ಕುಂಡೆಕುಸ್ಕಗಳು, ಗೊರವಂಕಗಳ ಜಗಳ, ಪೊದೆಯಲ್ಲಿ ಸಂಬಾರಕಾಗೆಯ ಗುಮ್ ಗುಮ್. ಫೆಬ್ರವರಿ ಮುಗಿಯುವಷ್ಟರಲ್ಲಿ ಮಳೆಮರ ಅರ್ಧ ಎಲೆ ಉದುರಿಸಿತ್ತು. ಬಿಸಿಲು ಕೆಳಗಿನ ಕಲ್ಲಿನ ಮೇಲೆ ನೇರ ಬೀಳುತ್ತಿತ್ತು. ಆ ಬೋಳು ಕೊಂಬೆಯ ಮೇಲೆ ಒಂದು ಬೆಳಿಗ್ಗೆ ಮಂಗಟ್ಟೆ ಜೋಡಿ ಕಂಡಿತು. ನನಗೆ ಎದೆ ಝಲ್ ಅಂದಿತು ಅಂತ ಬರೆದರೆ ಅದು ನನ್ನ ಸ್ವಭಾವಕ್ಕೆ ಹೊಂದುವ ಮಾತಲ್ಲ, ಆದರೆ ಹಾಗೇ ಆಯಿತು. ಪಕ್ಕಕ್ಕೆ ತಿರುಗಿ "ಭಾವ, ನೋಡಿ..." ಅಂದೆ. ಬೆಂಚಿನ ಮೇಲೆ ನನ್ನ ಬ್ಯಾಗಿತ್ತು.

ಶಿವರಾತ್ರಿಯ ಹೊತ್ತಿಗೆ ಹೆಣ್ಣು ಒಳಗೆ ಸೇರಿ ಬಾಗಿಲು ಮೆತ್ತಿಕೊಂಡಿತು. ಅದಾದ ಕೆಲವು ದಿನಕ್ಕೆ ಮುನೀರಣ್ಣ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. "ಮೇಡಂ, ಗಂಡುಹಕ್ಕಿ ಮರದ ಹತ್ರ ಬರ್ತಿಲ್ಲ. ಹಣ್ಣು ತಗೊಂಡು ಬಂದು ಎದುರಿನ ಕಂಬದ ಮೇಲೆ ಕೂರ್ತದೆ, ಹೊಗೆ ನೋಡ್ತದೆ, ವಾಪಸು ಹೋಗಿಬಿಡ್ತದೆ. ಮಂಗಳವಾರ ಮಧ್ಯಾಹ್ನದತನಕ ಹಂಗೇ ಆಯ್ತು. ಒಳಗೆ ಅವಳು ಹೊರಗೆ ಬರಕ್ಕೂ ಆಗಲ್ಲ, ರೆಕ್ಕೆ ಗರಿ ಉದುರಿಸಿಕೊಂಡಿರ್ತಾಳೆ" ಅಂದರು. ಹಾಗಾದರೆ ನೀವೇ ಯಾಕೆ ಅಲ್ಲಿ ಒಂದು ಮಾತು ಹೇಳಬಾರದು ಅಂದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಾನು ಹೋಗಿ ನಿಮ್ಮ ದೇವರಿಗೆ ದೀಪ ಹಚ್ಚಬೇಡಿ ಅಂದ್ರೆ ಅದು ಹಕ್ಕಿ ವಿಷಯ ಆಗಿ ಉಳೀತದಾ ಮೇಡಂ? ಮೇಷ್ಟ್ರು ಇದ್ದಿದ್ರೆ ಬೇರೆ." ಬಸ್ಸು ಬಂತು. ನಾನು ಹತ್ತಿದೆ.

ಆ ದಿನ ಗುಂಡ್ಲುಪೇಟೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ. ದೀಪ ನಿಲ್ಲಬೇಕಾದರೆ ಅಕ್ಕ ನಿಲ್ಲಿಸಬೇಕು. ಅಕ್ಕ ನಿಲ್ಲಿಸಿದರೆ ಮಿಕ್ಕವರು ನಿಲ್ಲಿಸುತ್ತಾರೆ. ಅವಳು ನಿಲ್ಲಿಸಬೇಕಾದರೆ ನಾನು ಹೇಳಬೇಕು: ಅಕ್ಕ, ಅದು ನಿನಗಾಗಿ ಹೊತ್ತ ಹರಕೆಯಲ್ಲ, ಹಕ್ಕಿಗಾಗಿ ಹೂಡಿದ ಆಟ. ಅವಳ ಹತ್ತಿರ ಉಳಿದಿದ್ದದ್ದು ಅದೊಂದು. ಗಂಡ ನನ್ನ ಸಲುವಾಗಿ ಒಂದು ದಿನ ಕೈಮುಗಿದ ಅನ್ನುವುದನ್ನು ಹಿಡಿದುಕೊಂಡೇ ಅವಳು ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು. ಅದನ್ನು ಕಿತ್ತುಕೊಳ್ಳಲೇ? ಕಿತ್ತುಕೊಳ್ಳದಿದ್ದರೆ ಆ ಪೊಟರೆಯೊಳಗಿನ ಜೀವ... ಲ್ಯಾಬಿನಲ್ಲಾದರೆ ಕವರ್ ಅಂಟಿಸಿ ಡಾಕ್ಟರ ಕಡೆ ತಳ್ಳಿಬಿಡುತ್ತೇನೆ. ಇಲ್ಲಿ ಯಾರ ಕಡೆ ತಳ್ಳಲಿ ಭಾವ? ನೀವು ಹೂಡಿದ ಆಟ, ಎದ್ದುಹೋದವರೂ ನೀವೇ. ನಿಮ್ಮ ಮೇಲೆ ಸಿಟ್ಟು ಬಂತು. ನಿಮ್ಮನ್ನು ಕಳಕೊಂಡ ಮೇಲೆ ನನಗೆ ಸರಿಯಾಗಿ ಅಳು ಬಂದಿರಲಿಲ್ಲ. ಆ ದಿನ ತೆರಕಣಾಂಬಿ ಹತ್ತಿರ ಅಳು ಬಂತು, ಪಕ್ಕದಲ್ಲಿದ್ದಾಕೆ ಬಾಳೆಹಣ್ಣು ಕೊಟ್ಟಳು.

ಮಾರನೆಯ ಬೆಳಿಗ್ಗೆ ಲ್ಯಾಬಿಗೆ ರಜಾ ಹೇಳಿ ಅಕ್ಕನ ಜೊತೆ ನಾನೂ ಹೊರಟೆ. "ನೀನ್ಯಾಕ ಇವತ್ತು?" ಅಂದಳು. "ಸುಮ್ನೆ" ಅಂದೆ. ಶನಿವಾರ, ಜನ ಕಡಿಮೆ. ಅವಳು ಒಣಗಿದ ಹೂವು ತೆಗೆದಳು, ಬುಡ ಗುಡಿಸಿದಳು, ದೀಪ ಹಚ್ಚಿ ಸಾಂಬ್ರಾಣಿ ಹಾಕಿದಳು. ಹೊಗೆ ಕಾಂಡ ಹಿಡಿದುಕೊಂಡು ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಗಂಡು ಬಂತು. ಮುನೀರಣ್ಣ ಹೇಳಿದ ಹಾಗೆಯೇ ಎದುರಿನ ಕಂಬದ ಮೇಲೆ ಕೂತು, ಕತ್ತು ಆ ಕಡೆ ಈ ಕಡೆ ಮಾಡಿ ನೋಡಿತು. ಒಂದು ಸಲ ಹಾರಿ ಮರದ ಹತ್ತಿರಕ್ಕೆ ಬಂದು, ಹೊಗೆ ಮುಖಕ್ಕೆ ಬಡಿದು ಹಿಂದಕ್ಕೆ ತಿರುಗಿತು. ಅಕ್ಕ ಕಣ್ಣು ಮುಚ್ಚಿ ಕೈಮುಗಿದುಕೊಂಡಿದ್ದಳು. ಎಷ್ಟೋ ಜನರ ಕೈಗೆ ಎಂಥೆಂಥದೋ ರಿಪೋರ್ಟ್ ಕೊಟ್ಟಿದ್ದೇನೆ, ಇಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ.

"ಅಕ್ಕ, ಈ ಕಲ್ಲು..." ಅಂದೆ.

"ಅವ್ರು ನಂಗೋಸ್ಕರ ಇಟ್ಟಿದ್ದಲ್ಲ ಅಂತ ತಾನೇ?" ಅಂದಳು ಕಣ್ಣು ತೆರೆಯದೆ. "ಗೊತ್ತು ಕಣೆ."

ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಪಕ್ಕದಲ್ಲಿ ಕೂತಳು. "ನಾನು ಮಂಚದ ಮೇಲೆ ಮಲಗಿದ್ದೆ. ಇನ್ನೂ ಬೆಳಕಾಗಿರ್ನಿಲ್ಲ. ಬಂದು, ಅರಿಶಿನದ ಡಬ್ಬ ಎಲ್ಲದೆ ಅಂತ ನನ್ನೇ ಕೇಳಿದ್ರು. ಮೇಲಿನ ಗೂಡಲ್ಲಿ ಅದೆ ಅಂದೆ. ಪೇಪರ್‌ಗೆ ಸುತ್ಕಂಡ್ರು, ಕುಂಕುಮಾನೂ ಸುತ್ಕಂಡ್ರು. ಕೊರಳಲ್ಲಿ ಆ ಬೈನಾಕ್ಯುಲರು ನೇತಾಕಂಡಿದ್ರು. ದೇವ್ರಿಗೆ ಹರಕೆ ಹೊರಕ್ಕೆ ಹೋಗ ಮನುಷ್ಯ ಬೈನಾಕ್ಯುಲರ್ ಹಾಕ್ಕಂಡು ಹೋಯ್ತಾನ? ಹಕ್ಕಿ ಕೆಲಸವೇ ಅಂತ ಅವತ್ತೇ ಗೊತ್ತಾಯ್ತು. ಮರ ಕಡೀತಾರೆ ಅಂತ ವಾರದಿಂದ ನಿದ್ದೆ ಇರ್ನಿಲ್ಲ ಅವ್ರಿಗೆ."

"ಮತ್ತೆ ನಂಜಮ್ಮ ಹೇಳಿದಾಗ ಅತ್ತೆಯಲ್ಲ?"

"ಅಳು ಬಂತು, ಅತ್ತೆ. ಎಲ್ರ ಮುಂದೆ, ನಿನ್ ಗಂಡ ನಿಂಗಾಗಿ ಹಿಂಗೆ ಮಾಡ್ದ ಅಂದ್ರೆ, ಇಲ್ಲ ಅವ್ರು ಹಕ್ಕಿಗೆ ಮಾಡಿದ್ದು ಅಂತ ಯಾಕ ಹೇಳ್ಲಿ? ಕೇಳಕ್ಕೆ ಚೆಂದಾಗಿತ್ತು." ಅವಳು ಕಲ್ಲಿನ ಕಡೆ ನೋಡಿದಳು. "ಅದು ದೇವ್ರೋ ಅಲ್ವೋ ನಂಗೊತ್ತಿಲ್ಲ ಕಣೆ. ಅವ್ರು ಇಷ್ಟು ವರ್ಷದಲ್ಲಿ ತಮ್ಮ ಕೈಯಾರ ಅರಿಶಿನ ಮುಟ್ಟಿದ್ದು ಅದೊಂದಕ್ಕೆ. ತೊಳೆದು ಹೊಸದಾಗಿ ಹಚ್ತೀವಿ ಅಂತ ಈ ಹೆಂಗಸ್ರು ಎಷ್ಟು ಸಲ ಅಂದ್ರು, ನಾನು ಬುಡ್ನಿಲ್ಲ. ಮೇಲ್ಮೇಲೆ ಹಚ್ಕೊಂಡೇ ಬಂದಿದೀನಿ. ಕೆಳಗಡೆ ಅವ್ರ ಬೆರಳಿಂದು ಇನ್ನೂ ಅದೆ." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನಿಂಗೆ ಹೇಳಿದ್ರು. ನಂಗ್ಯಾಕ ಹೇಳ್ನಿಲ್ಲ?"

ಭಾವ, ಇದಕ್ಕೆ ನಾನು ಏನು ಉತ್ತರ ಕೊಡಬೇಕಿತ್ತು? ಮೂವತ್ತು ವರ್ಷ ಜೊತೆಗಿದ್ದವಳಿಗೆ ಹೇಳದೆ ನಾದಿನಿಗೆ ಹೇಳಿದಿರಿ. ನಾಚಿಕೆಯಾಯಿತೇ? ಎಲ್ಲಿ ಅವಳು, ಕೊನೆಗೂ ಅರಿಶಿನಕ್ಕೇ ಬಂದಿರಲ್ಲ ಅಂದುಬಿಡುತ್ತಾಳೋ ಅಂತಲೇ? ಅವಳು ಅನ್ನುತ್ತಿದ್ದಳು, ನಿಜ. ಅಂದು, ಆಮೇಲೆ ತಾನೇ ಒಳ್ಳೆಯ ಅರಿಶಿನ ಹುಡುಕಿ ಕೊಡುತ್ತಿದ್ದಳು. ನನಗೆ ಗೊತ್ತಿಲ್ಲ ಅಂತ ಹೇಳಿದೆ. ಅವಳು ಮೂಗು ಒರೆಸಿಕೊಂಡಳು.

ಆಮೇಲೆ ನಾನು ಮೇಲೆ ತೋರಿಸಿದೆ. ಪೊಟರೆ, ಮೆತ್ತಿದ ಬಾಗಿಲು, ಕಂಬದ ಮೇಲೆ ಮತ್ತೆ ಬಂದು ಕೂತಿದ್ದ ಗಂಡು. ಅಕ್ಕ ಕೈ ಅಡ್ಡ ಹಿಡಿದು ದಿಟ್ಟಿಸಿದಳು. ದಿನಾ ಬರುವವಳು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲವಂತೆ, ಕಲ್ಲು ಕೆಳಗಿತ್ತಲ್ಲ. "ಈ ವರ್ಷಾನೂ ಬಂದವಾ? ಒಳಗೆ ಕೂತದಾ? ಯಾರೂ ಒಂದು ಮಾತು ಹೇಳ್ನಿಲ್ವಲ್ಲೇ ನಂಗೆ!" ಅಂದವಳೇ ಎದ್ದು, ಉರಿಯುವ ಬತ್ತಿಯನ್ನು ಬೆರಳಲ್ಲೇ ಒತ್ತಿ ಆರಿಸಿದಳು. ಸಾಂಬ್ರಾಣಿಯ ಮೇಲೆ ಚೊಂಬಿನ ನೀರು ಸುರಿದಳು. "ನನ್ನ ದೀಪದಿಂದ ಉಪಾಸ ಬಿದ್ದಿದ್ದಾಳಲ್ಲೇ" ಅಂದಳು.

ಮುಂದಿನ ಮಂಗಳವಾರ ಶಿವಣ್ಣ ತಗಡಿನವನನ್ನು ಕರೆದುಕೊಂಡು ಬಂದು ಅಳತೆ ಹಿಡಿಸುತ್ತಿದ್ದಾಗ ಅಕ್ಕ ಎಲ್ಲರೆದುರು ನಿಂತಳು. "ನೆನ್ನೆ ನಮ್ಮನೆಯವ್ರು ಕನಸಲ್ಲಿ ಬಂದಿದ್ರು. ಮಳೆ ಬೀಳೋ ಗಂಟ ಇಲ್ಲಿ ಬೆಂಕಿ ಕಾಣಿಸ್ಬಾರ್ದು, ಹೊಗೆ ಕಾಣಿಸ್ಬಾರ್ದು, ಮರದ ಒಂದು ಕಡ್ಡಿ ಮುರೀಬಾರ್ದು, ಬರೀ ಹೂವ ಇಡಿ ಸಾಕು ಅಂದ್ರು" ಅಂದಳು. ಒಂದು ಉಗುಳು ನುಂಗದೆ ಹೇಳಿದಳು ಭಾವ. ನಂಜಮ್ಮ ಕೆನ್ನೆ ಬಡಿದುಕೊಂಡಳು, ಬರೀ ಹೂವು ಅಂದರೆ ಅವಳಿಗೂ ಅನುಕೂಲವೇ. ಶಿವಣ್ಣ, "ಮೇಷ್ಟ್ರೇ ಬಂದು ಹೇಳಿದ್ಮೇಲೆ ಇನ್ನೇನವ್ವ" ಅಂತ ಟೇಪು ಸುತ್ತಿಕೊಂಡರು. ದೂರದಲ್ಲಿ ಮುನೀರಣ್ಣ ನಡೆಯುವುದು ಬಿಟ್ಟು ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತ ಬಗ್ಗಿಯೇ ಇದ್ದರು. ನೀವೀಗ ಕನಸಿನಲ್ಲಿ ಬಂದು ಅಪ್ಪಣೆ ಕೊಡುವವರ ಸಾಲಿಗೆ ಸೇರಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಬೇರೆ ದಾರಿ ನಮಗೂ ಕಾಣಲಿಲ್ಲ.

ಯುಗಾದಿ ಕಳೆದು ನಾಲ್ಕಾರು ದಿನವಾಯಿತು. ಕುಂಡೆಕುಸ್ಕಗಳು ಒಂದೂ ಇಲ್ಲ, ಹೋದವು. ಮಳೆಮರ ಮತ್ತೆ ಹಸಿರಾಗಿದೆ. ನಿನ್ನೆ ಬೆಳಿಗ್ಗೆ ಅಕ್ಕನೂ ನಾನೂ ನಿಮ್ಮ ಬೆಂಚಿನ ಮೇಲೆ ಕೂತಿದ್ದೆವು. ಬೈನಾಕ್ಯುಲರ್ ಕೊಟ್ಟರೆ ಅವಳಿಗೆ ಎಲೆ ಬಿಟ್ಟು ಏನೂ ಕಾಣುವುದಿಲ್ಲ, ಬೈದುಕೊಂಡು ನನಗೇ ವಾಪಸು ಕೊಟ್ಟಳು. ಅಷ್ಟರಲ್ಲಿ ಗಂಡು ಬಂತು. ಕಂಬದ ಮೇಲೆ ಕೂರಲಿಲ್ಲ, ಸೀದಾ ಮರಕ್ಕೇ ಬಂತು. ಕಾಂಡಕ್ಕೆ ಬಾಲ ಒತ್ತಿ ನಿಂತು, ಗಂಟಲಿನಿಂದ ಅತ್ತಿಹಣ್ಣು ಒಂದೊಂದಾಗಿ ತೆಗೆದು ಸೀಳಿನಲ್ಲಿ ಕೊಡತೊಡಗಿತು. ಒಳಗಿನಿಂದ ತೆಗೆದುಕೊಳ್ಳುತ್ತಿತ್ತು. ಅಕ್ಕ ಕತ್ತೆತ್ತಿಕೊಂಡು ನೋಡಿದಳು.

"ಒಳಗಿರೋಳ್ಗೆ ಅವನ ಮುಖ ಕಾಣ್ತದಾ?" ಅಂತ ಕೇಳಿದಳು.

"ಎಲ್ಲಿ ಕಾಣ್ತದೆ ಕಣಕ್ಕ, ಅಷ್ಟು ಸಣ್ಣ ಸೀಳು. ಕೊಕ್ಕಿನ ತುದಿ ಕಂಡ್ರೆ ಹೆಚ್ಚು."

ಗಂಡು ಹಾರಿಹೋಯಿತು. ಅದು ಹೋದ ದಿಕ್ಕನ್ನೇ ನೋಡುತ್ತ ಅಕ್ಕ ಅಂದಳು: "ಸಾಕು ಬುಡು. ಅಷ್ಟು ಕಂಡ್ರೂ ಇದ್ದಾರೆ ಅಂತ ಗೊತ್ತಾಯ್ತದೆ."

ನಿಮ್ಮ ನಾದಿನಿ